ಕ್ವಾಡ್ ಕೆಮ್ಮುತ್ತಿದೆ, ಜೆಟ್ ಬದಲಿಸಲಾ?

ಈ ಸಲ ಬಂದ ಪ್ರಶ್ನೆಗಳೆಲ್ಲ ಕ್ವಾಡ್ ಬೈಕಿನವೇ, ಅಂದರೆ ನಾಲ್ಕು ಚಕ್ರದ ಬೈಕಿನವು. ನಮ್ಮ ಕಡೆ ಇವು ಬೆರಳೆಣಿಕೆಯಷ್ಟಿರಬಹುದು ಅಂದುಕೊಂಡಿದ್ದೆ. ನೋಡಿದರೆ ತೋಟದ ಮನೆ, ರೆಸಾರ್ಟ್, ಕಲ್ಲಿನ ಖಣಿ ಅಂತ ಎಲ್ಲೆಲ್ಲೋ ಸೇರಿಕೊಂಡಿವೆ. ಇರಲಿ, ಒಂದೊಂದಾಗಿ ನೋಡೋಣ. ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್‌ಗೆ ಕೊಡುವುದು ಕಾರ್ಬೊರೇಟರ್, ಅದರೊಳಗೆ ಪೆಟ್ರೋಲ್ ಅಳೆದು ಬಿಡುವ ತೂತಿನ ಸಣ್ಣ ಹಿತ್ತಾಳೆ ತುಂಡೇ ಜೆಟ್.

ಪ್ರಶ್ನೆ: ನಮಸ್ಕಾರ ಸರ್. ನನ್ನದು 400 ಸಿಸಿ ಸ್ಪೋರ್ಟ್ ಕ್ವಾಡ್, ಏರ್ ಕೂಲ್ಡ್, ಫೋರ್ ಸ್ಟ್ರೋಕ್. ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ತಂದೆ. ಓಪನ್ ಸೈಲೆನ್ಸರ್ ಹಾಕಿಸಿದೆ. ವಿಡಿಯೋ ನೋಡಿ ಏರ್ ಬಾಕ್ಸಿನ (ಏರ್ ಫಿಲ್ಟರ್ ಇರುವ ಡಬ್ಬಿಯ) ಮುಚ್ಚಳವನ್ನೂ ತೆಗೆದೆ. ಈಗ ಎಕ್ಸಲೇಟರ್ ಸ್ವಲ್ಪ ಒತ್ತಿದ ಕೂಡಲೇ ಗಾಡಿಗೆ ಉಸಿರು ಕಟ್ಟಿದ ಹಾಗಾಗುತ್ತದೆ, ಆಮೇಲೆ ಎಳೆಯುತ್ತದೆ. ಎಕ್ಸಲೇಟರ್ ಬಿಟ್ಟರೆ ಸೈಲೆನ್ಸರಿನಲ್ಲಿ ಪಟಪಟ. ಮಿಸ್ತ್ರಿ ಮೇನ್ ಜೆಟ್ ಎರಡು ಸೈಜ್ ದೊಡ್ಡದು ಹಾಕಿದರು. ಈಗ ಪೂರ್ತಿ ಒತ್ತಿದರೆ ಕಪ್ಪು ಹೊಗೆ ಬರುತ್ತದೆ, ಆದರೆ ಮೊದಲಿನ ತೊಂದರೆ ಹಾಗೇ ಇದೆ. ಇನ್ನೂ ದೊಡ್ಡ ಜೆಟ್ ಹಾಕಿಸಲಾ?
ಸೇಡಂ ರಸ್ತೆಯ ಓದುಗ, ಕಲಬುರಗಿ

ಉತ್ತರ: ಬೇಡ. ಹಾಕಿದ್ದನ್ನೂ ತೆಗೆಸಿ. ನಿಮ್ಮ ಮಿಸ್ತ್ರಿಯವರು ಕಾಲು ನೋವಿಗೆ ತಲೆಗೆ ಔಷಧಿ ಹಚ್ಚಿದ್ದಾರೆ.

ಕಾರ್ಬೊರೇಟರ್ ಒಂದೇ ಡಬ್ಬಿ ಹಾಗೆ ಕಂಡರೂ ಒಳಗೆ ಮೂರು ನಾಲ್ಕು ದಾರಿಗಳಿವೆ, ಎಕ್ಸಲೇಟರ್ ಎಷ್ಟು ತೆರೆದಿದೆ ಅನ್ನುವುದರ ಮೇಲೆ ಒಂದೊಂದು ಸಲ ಒಂದೊಂದು ದಾರಿ ಪೆಟ್ರೋಲ್ ಕೊಡುತ್ತದೆ. ಐಡಲ್‌ನಿಂದ ಕಾಲು ಭಾಗದ ತನಕ ಪೈಲಟ್ ಜೆಟ್ ಮತ್ತು ಅದರ ಸ್ಕ್ರೂ. ಕಾಲಿನಿಂದ ಮುಕ್ಕಾಲಿನ ತನಕ ಸೂಜಿ, ಅಂದರೆ ನೀಡಲ್. ಮುಕ್ಕಾಲು ದಾಟಿದ ಮೇಲೆ ಮೇನ್ ಜೆಟ್. ಒಂದರ ಸೀಮೆ ಇನ್ನೊಂದರೊಳಗೆ ಸ್ವಲ್ಪ ನುಗ್ಗುತ್ತದೆ, ಆದರೂ ಈ ಲೆಕ್ಕ ಸಾಕು. ನಿಮ್ಮ ಗಾಡಿ ಕೆಮ್ಮುವುದು ಎಕ್ಸಲೇಟರ್ ಸ್ವಲ್ಪ ಒತ್ತಿದಾಗ. ಅಲ್ಲಿ ಮೇನ್ ಜೆಟ್‌ಗೆ ಕೆಲಸವೇ ಇಲ್ಲ. ಅದಕ್ಕೇ ಅದು ದೊಡ್ಡದಾದರೂ ಕೆಳಗಿನ ತೊಂದರೆ ಹೋಗಲಿಲ್ಲ, ಮೇಲೆ ಮಾತ್ರ ಕಪ್ಪು ಹೊಗೆ ಬಂತು.

ಮೊದಲು ಒಂದು ಕೆಲಸ ಮಾಡಿ, ಖರ್ಚಿಲ್ಲ. ಹೆಬ್ಬೆರಳಿನಿಂದ ಒತ್ತುವ ಎಕ್ಸಲೇಟರ್ ಇದೆಯಲ್ಲ, ಅದರ ಮೇಲೊಂದು ತುಂಡು ಬಿಳಿ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಅಂತ ಪೆನ್ನಿನಿಂದ ಗೆರೆ ಹಾಕಿ. ಖಾಲಿ ಹೊಲದಲ್ಲಿ ಓಡಿಸಿ, ಯಾವ ಗೆರೆಯ ಹತ್ತಿರ ಕೆಮ್ಮುತ್ತದೆ ನೋಡಿ. ಗ್ಯಾರೇಜಿಗೆ ಹೋಗಿ 'ಪಿಕಪ್ ಇಲ್ಲ' ಅನ್ನುವುದಕ್ಕೂ 'ಕಾಲು ಗೆರೆಯ ಹತ್ತಿರ ಕಟ್ ಆಗುತ್ತದೆ' ಅನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ.

ಇನ್ನು ಆ ಏರ್ ಬಾಕ್ಸ್ ಮುಚ್ಚಳ. ದಯವಿಟ್ಟು ವಾಪಸ್ ಹಾಕಿ. ಆ ವಿಡಿಯೋ ಮಾಡಿದವರು ಎಲ್ಲಿ ಓಡಿಸುತ್ತಾರೋ ಏನೋ, ನಮ್ಮದು ಎರೆ ಭೂಮಿ. ತೊಗರಿ ರಾಶಿ ಮಾಡುವ ದಿನಗಳಲ್ಲಿ ಹೊಲದ ದಾರಿಯ ಧೂಳು ಹಿಟ್ಟಿನ ಹಾಗಿರುತ್ತದೆ. ಮುಚ್ಚಳ ತೆಗೆದರೆ ಸಿಗುವುದು ಎಲ್ಲೋ ಒಂದಿಷ್ಟು ಮೇಲಿನ ಪವರ್, ಹೋಗುವುದು ಪಿಸ್ಟನ್ ರಿಂಗ್. ಅದೂ ಅಲ್ಲದೆ ಮುಚ್ಚಳ ತೆಗೆದಾಗ ಗಾಳಿ ಜಾಸ್ತಿ ಬರುತ್ತದೆ, ಓಪನ್ ಸೈಲೆನ್ಸರಿನಿಂದಲೂ ಗಾಳಿಯ ಓಟ ಜಾಸ್ತಿ ಆಗುತ್ತದೆ, ಪೆಟ್ರೋಲ್ ಮಾತ್ರ ಮೊದಲಿನಷ್ಟೇ. ಇದನ್ನೇ ಲೀನ್ ಅನ್ನುವುದು. ಎಕ್ಸಲೇಟರ್ ಬಿಟ್ಟಾಗಿನ ಪಟಪಟ ಹೆಚ್ಚಾಗಿ ಅದರದ್ದೇ ಗುರುತು. ರೇಸ್ ಮಾಡಿ ಬಿಟ್ಟ ಮೇಲೆ ಇಂಜಿನ್ ಐಡಲ್‌ಗೆ ತಕ್ಷಣ ಇಳಿಯದೆ ಮೇಲೆಯೇ ತೂಗಾಡುತ್ತಿದ್ದರೆ ಅದೂ ಲೀನ್.

ಫಿಲ್ಟರ್ ಸ್ಪಂಜಿನದಾದರೆ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಹಿಂಡಿ ತೊಳೆಯಿರಿ, ಪೂರ್ತಿ ಒಣಗಿಸಿ, ಫಿಲ್ಟರ್ ಎಣ್ಣೆ ಸವರಿ ಮತ್ತೆ ಹಿಂಡಿ. ಪೆಟ್ರೋಲಿನಲ್ಲಿ ಅದ್ದಬೇಡಿ, ಅಂಟು ಬಿಡುತ್ತದೆ. ಆಮೇಲೆ ಕಾರ್ಬೊರೇಟರ್ ಮತ್ತು ಇಂಜಿನ್ ನಡುವಿನ ರಬ್ಬರ್ ಪೈಪ್ ನೋಡಿ. ಕಲಬುರಗಿಯ ಬಿಸಿಲಿಗೆ ರಬ್ಬರ್ ಸೀಳುತ್ತದೆ, ಆ ಸೀಳಿನಿಂದ ಗಾಳಿ ಕದ್ದು ಒಳಗೆ ಹೋಗುತ್ತದೆ. ಗಾಡಿ ಐಡಲ್‌ನಲ್ಲಿಟ್ಟು ಆ ರಬ್ಬರ್ ಮೇಲೆ ನೀರು ಚಿಮುಕಿಸಿ. ಇಂಜಿನ್ ಸದ್ದು ಬದಲಾದರೆ ಅಲ್ಲೇ ಸೋರುತ್ತಿದೆ. ಕೆಲವರು ಇದಕ್ಕೆ ಪೆಟ್ರೋಲ್ ಚಿಮುಕಿಸುತ್ತಾರೆ. ಕಾದ ಸೈಲೆನ್ಸರ್ ಪಕ್ಕದಲ್ಲಿ ಪೆಟ್ರೋಲ್! ನೀರೇ ಸಾಕು.

ಇಷ್ಟೆಲ್ಲ ಸರಿ ಇದ್ದರೆ ಆಗ ಸ್ಕ್ರೂಡ್ರೈವರ್ ಹಿಡಿಯಿರಿ. ಮೇನ್ ಜೆಟ್ ಹಳೆಯದಕ್ಕೆ ತನ್ನಿ. ಓಪನ್ ಸೈಲೆನ್ಸರ್ ಇರುವುದರಿಂದ ಮುಂದೆ ಒಂದು ಸೈಜ್ ದೊಡ್ಡದು ಬೇಕಾಗಬಹುದು, ಆದರೆ ಅದು ಕೊನೆಗೆ. ಇಂಜಿನ್ ಹತ್ತು ನಿಮಿಷ ಓಡಿಸಿ ಚೆನ್ನಾಗಿ ಕಾಯಿಸಿ. ಪೈಲಟ್ ಸ್ಕ್ರೂ ಎಷ್ಟು ಸುತ್ತು ಹೊರಗಿದೆ ಅಂತ ಎಣಿಸುತ್ತ ಮೆಲ್ಲಗೆ ಒಳಗೆ ತಿರುಗಿಸಿ, ಬರೆದಿಟ್ಟುಕೊಳ್ಳಿ. ತಾಗಿದ ಮೇಲೆ ಬಿಗಿಯಬೇಡಿ, ಅದರ ಮೂತಿ ಸೂಜಿಯಷ್ಟು ಸಣ್ಣ. ಒಂದೂವರೆ ಸುತ್ತು ಹೊರಗೆ ತಂದು ಗಾಡಿ ಸ್ಟಾರ್ಟ್ ಮಾಡಿ. ಅಲ್ಲಿಂದ ಕಾಲು ಕಾಲು ಸುತ್ತು ಆಚೆ ಈಚೆ ತಿರುಗಿಸಿ, ಐಡಲ್ ಎಲ್ಲಿ ಅತಿ ಜೋರಾಗಿ, ಅತಿ ನಯವಾಗಿ ಓಡುತ್ತದೋ ಅಲ್ಲಿ ನಿಲ್ಲಿಸಿ, ಆಮೇಲೆ ಐಡಲ್ ಸ್ಕ್ರೂನಿಂದ ವೇಗ ಇಳಿಸಿ. ಫೋರ್ ಸ್ಟ್ರೋಕ್‌ನಲ್ಲಿ ಹೆಚ್ಚಾಗಿ ಇರುವ ಪೆಟ್ರೋಲ್ ಸ್ಕ್ರೂ ಆದರೆ, ಮೂರು ಸುತ್ತು ಹೊರಗೆ ತಂದರೂ ಇನ್ನೂ ಬೇಕು ಅನ್ನಿಸಿದರೆ ಪೈಲಟ್ ಜೆಟ್ ಚಿಕ್ಕದಾಗಿದೆ, ಒಂದು ಸೈಜ್ ದೊಡ್ಡದು ಹಾಕಿ. ಒಂದು ಸುತ್ತಿನೊಳಗೇ ಚೆನ್ನಾಗಿ ಓಡಿದರೆ ಅದು ದೊಡ್ಡದಾಗಿದೆ.

ಅದಾದ ಮೇಲೂ ಕಾಲು ಗೆರೆ ದಾಟಿದಾಗ ಕೆಮ್ಮಿದರೆ ಸೂಜಿಯ ಕ್ಲಿಪ್ಪನ್ನು ಒಂದು ಕಚ್ಚು ಕೆಳಗೆ ಹಾಕಿ. ಕ್ಲಿಪ್ ಕೆಳಗಿಳಿದರೆ ಸೂಜಿ ಮೇಲೇಳುತ್ತದೆ, ಪೆಟ್ರೋಲ್ ಜಾಸ್ತಿ ಬರುತ್ತದೆ. ಇಲ್ಲಿ ಎಲ್ಲರೂ ಒಂದು ಸಲ ಉಲ್ಟಾ ಮಾಡುತ್ತಾರೆ, ನಾನೂ ಮಾಡಿದ್ದೇನೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಸ್ಕ್ರೂ, ಕ್ಲಿಪ್, ಜೆಟ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಗಾಡಿ ಸರಿಯಾದರೂ ಯಾವುದರಿಂದ ಅಂತ ಗೊತ್ತಾಗುವುದಿಲ್ಲ, ಕೆಟ್ಟರೂ ಗೊತ್ತಾಗುವುದಿಲ್ಲ.

ಮೇನ್ ಜೆಟ್ ಸರಿ ಇದೆಯಾ ನೋಡಲು ಸ್ಪಾರ್ಕ್ ಪ್ಲಗ್ ಬಿಚ್ಚುತ್ತೀರಿ ಅಲ್ವಾ? ಪೂರ್ತಿ ಎಕ್ಸಲೇಟರ್‌ನಲ್ಲಿ ಸ್ವಲ್ಪ ದೂರ ಓಡಿಸಿ, ಓಡುತ್ತಿದ್ದಾಗಲೇ ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ, ಅಲ್ಲೇ ಬಿಚ್ಚಿ ನೋಡಿ. ಮೆಲ್ಲಗೆ ಮನೆತನಕ ಬಂದು ಬಿಚ್ಚಿದರೆ ಕಾಣುವುದು ಐಡಲ್‌ನ ಬಣ್ಣ. ತಿಳಿ ಕಂದು ಬಣ್ಣ ಇದ್ದರೆ ಸರಿ, ಒಣ ಮಸಿ ಇದ್ದರೆ ರಿಚ್, ಅಂದರೆ ಗಾಳಿಗೆ ಪೆಟ್ರೋಲ್ ಜಾಸ್ತಿ, ಸುಣ್ಣದಂತೆ ಬೆಳ್ಳಗಿದ್ದರೆ ಲೀನ್. ಲೀನ್ ಇಟ್ಟುಕೊಂಡು ಏರ್ ಕೂಲ್ಡ್ ಇಂಜಿನ್ನನ್ನು ಮೇ ತಿಂಗಳಲ್ಲಿ ಜೋರಾಗಿ ಓಡಿಸಿದರೆ ಪಿಸ್ಟನ್ನೇ ಹೋಗುತ್ತದೆ.

ಒಂದು ಮಾತು, ಈ ಕೆಲಸಕ್ಕೆ ಹಳೆಯ ಕೈ ಹುಡುಕಿ. 2020ರ ಏಪ್ರಿಲ್‌ನಲ್ಲಿ ಹೊಗೆ ನಿಯಂತ್ರಣದ ಬಿಎಸ್6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬೊರೇಟರ್ ಹೆಚ್ಚುಕಮ್ಮಿ ಮಾಯವಾಯಿತು. ಈಚೆಗೆ ಕೆಲಸ ಕಲಿತ ಹುಡುಗರು ಲ್ಯಾಪ್‌ಟಾಪ್ ಹಚ್ಚಿ ನೋಡುವುದರಲ್ಲಿ ಜಾಣರು, ಸೂಜಿಯ ಕ್ಲಿಪ್ ನೋಡಿರುವುದು ಕಡಿಮೆ. ಆರ್‌ಎಕ್ಸ್100 ರಿಪೇರಿ ಮಾಡಿದ ಕಾಕಾ ಯಾರಾದರೂ ನಿಮ್ಮ ಓಣಿಯಲ್ಲಿ ಇದ್ದೇ ಇರುತ್ತಾರೆ.

ಪ್ರಶ್ನೆ: ಬೇಸಿಗೆಯಲ್ಲಿ ಟ್ಯೂನಿಂಗ್ ಮಾಡಿಸಿದ ಕ್ವಾಡ್ ಆಗ ಚೆನ್ನಾಗಿತ್ತು. ಡಿಸೆಂಬರಿನಲ್ಲಿ ಬೆಳಿಗ್ಗೆ ಸ್ಟಾರ್ಟ್ ಆಗುವುದೇ ಕಷ್ಟ, ಆದ ಮೇಲೂ ಚೋಕ್ ತೆಗೆದರೆ ನಿಲ್ಲುತ್ತದೆ. ಮಧ್ಯಾಹ್ನ ಪರವಾಗಿಲ್ಲ. ಬೀದರ್ ಎತ್ತರದಲ್ಲಿದೆ, ಅದಕ್ಕೇನಾ?
ಓದುಗ, ಬೀದರ್

ಉತ್ತರ: ಎತ್ತರದ ಪಾಲು ಕಡಿಮೆ. ಬೀದರ್ 2,000 ಅಡಿ ದಾಟಿದೆ ನಿಜ, ಆದರೆ ನೀವು ಟ್ಯೂನಿಂಗ್ ಮಾಡಿಸಿದ್ದೂ ಬೀದರಿನಲ್ಲೇ ಅಲ್ವಾ? ಬದಲಾಗಿದ್ದು ಚಳಿ. 12 ಡಿಗ್ರಿಯ ಗಾಳಿ 42 ಡಿಗ್ರಿಯ ಗಾಳಿಗಿಂತ ಸುಮಾರು ಶೇ 10ರಷ್ಟು ದಟ್ಟ. ಕಾರ್ಬೊರೇಟರ್‌ಗೆ ಅದು ಗೊತ್ತಾಗುವುದಿಲ್ಲ, ಅದಕ್ಕೆ ಸೆನ್ಸರ್ ಎಲ್ಲಿದೆ? ಹಾಗಾಗಿ ಬೇಸಿಗೆಗೆ ಸರಿಯಾಗಿದ್ದದ್ದು ಚಳಿಗೆ ಲೀನ್ ಆಗುತ್ತದೆ.

ಇದರ ಜೊತೆಗೆ ಈಗಿನ ಪೆಟ್ರೋಲ್. ಪಂಪಿನಲ್ಲಿ ಸಿಗುವುದು ಇ20, ಅದರಲ್ಲಿ ಐದನೇ ಒಂದು ಪಾಲು ಎಥನಾಲ್. 1 ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು, 1 ಕೆಜಿ ಎಥನಾಲ್‌ಗೆ ಸುಮಾರು 9 ಕೆಜಿ ಸಾಕು. ಅಂದರೆ ಬರೀ ಪೆಟ್ರೋಲಿಗೆ ಅಂತ ಹಾಕಿದ ಹಳೆಯ ಜೆಟ್ ಇ20ಗೆ ತಾನಾಗಿಯೇ ಲೀನ್. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ, ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಇದು ದೊಡ್ಡ ತಲೆನೋವು. ಪೆಟ್ರೋಲ್ ಸ್ಕ್ರೂ ಆದರೆ ಕಾಲು ಸುತ್ತು ಹೊರಗೆ ತಂದು ನೋಡಿ, ಸಾಲದಿದ್ದರೆ ಅರ್ಧ ಸುತ್ತು. ಮಾರ್ಚಿನಲ್ಲಿ ವಾಪಸ್ ತಿರುಗಿಸಿ. ಹದಿನೈದು ದಿನಕ್ಕಿಂತ ಜಾಸ್ತಿ ನಿಲ್ಲಿಸುವುದಾದರೆ ಟ್ಯಾಂಕಿನ ಪೆಟ್ರೋಲ್ ಕಾಕ್ ಬಂದ್ ಮಾಡಿ, ಕಾರ್ಬೊರೇಟರ್ ಕೆಳಗಿನ ಬಟ್ಟಲಿನ ಪೆಟ್ರೋಲ್ ಇಳಿಸಿಬಿಡಿ.

ಪ್ರಶ್ನೆ: ಸ್ಕ್ರೂ ಒಳಗೆ ತಿರುಗಿಸಿದರೆ ರಿಚ್ಚೋ ಲೀನೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
ಓದುಗ, ಶಹಾಪುರ

ಉತ್ತರ: ಎಲ್ಲರೂ ಅವರವರ ಗಾಡಿಗೆ ಸರಿಯಾಗಿಯೇ ಹೇಳುತ್ತಿದ್ದಾರೆ. ಸ್ಕ್ರೂ ಎಲ್ಲಿದೆ ನೋಡಿ. ಏರ್ ಫಿಲ್ಟರ್ ಕಡೆ ಇದ್ದರೆ ಅದು ಗಾಳಿಯ ಸ್ಕ್ರೂ, ಒಳಗೆ ತಿರುಗಿಸಿದರೆ ರಿಚ್. ಇಂಜಿನ್ ಕಡೆ ಇದ್ದರೆ ಪೆಟ್ರೋಲ್ ಸ್ಕ್ರೂ, ಒಳಗೆ ತಿರುಗಿಸಿದರೆ ಲೀನ್.

ಪ್ರಶ್ನೆ: ಮಿಕುನಿ ಕಾರ್ಬೊರೇಟರ್‌ಗೆ ಕೆಹಿನ್ ಜೆಟ್ ಹಾಕಬಹುದಾ? ನಂಬರ್ ಒಂದೇ ಇದೆ. ಹಳೆಯ ಜೆಟ್‌ನ ತೂತನ್ನು ತಂತಿಯಿಂದ ದೊಡ್ಡದು ಮಾಡಿದರೆ ನಡೆಯುತ್ತದಾ?
ಓದುಗ, ಭಾಲ್ಕಿ

ಉತ್ತರ: ಎರಡೂ ಬೇಡ. ಎರಡು ಕಂಪನಿಗಳ ನಂಬರಿನ ಲೆಕ್ಕವೇ ಬೇರೆ, ಒಂದೇ ನಂಬರ್ ಇದ್ದರೂ ಒಂದೇ ಅಳತೆ ಅಲ್ಲ. ತಂತಿಯ ಕೆಲಸವಂತೂ ಬೇಡವೇ ಬೇಡ. ಜೆಟ್ ಹಿತ್ತಾಳೆಯದು, ಮೆತ್ತಗೆ. ಒಮ್ಮೆ ಸ್ಟೀಲ್ ತಂತಿ ಆಡಿಸಿದರೆ ನಂಬರ್ ಹಳೆಯದೇ ಉಳಿಯುತ್ತದೆ, ತೂತು ಮಾತ್ರ ಬೇರೆಯಾಗುತ್ತದೆ. ಕಟ್ಟಿದ ಜೆಟ್‌ಗೆ ಕ್ಲೀನರ್ ಹೊಡೆದು ಗಾಳಿ ಊದಿ, ಬೆಳಕಿಗೆ ಹಿಡಿದು ನೋಡಿ.

ಪ್ರಶ್ನೆ: ನನ್ನ ಕ್ವಾಡ್ ಹತ್ತು ನಿಮಿಷ ಚೆನ್ನಾಗಿ ಓಡಿ ಪೆಟ್ರೋಲ್ ಮುಗಿದ ಹಾಗೆ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್. ಮೇನ್ ಜೆಟ್ ಚಿಕ್ಕದಾಯಿತಾ?
ಓದುಗ, ಬಸವಕಲ್ಯಾಣ

ಉತ್ತರ: ಮುಂದಿನ ಸಲ ನಿಂತಾಗ ಟ್ಯಾಂಕಿನ ಮುಚ್ಚಳ ತೆರೆಯಿರಿ. 'ಸುಯ್' ಅಂತ ಗಾಳಿ ಒಳಗೆ ಎಳೆದುಕೊಂಡರೆ ಕಾರ್ಬೊರೇಟರ್ ಮುಟ್ಟಲೇಬೇಡಿ. ಪೆಟ್ರೋಲ್ ಇಳಿದಷ್ಟು ಗಾಳಿ ಟ್ಯಾಂಕಿಗೆ ಬರಬೇಕು, ಆ ದಾರಿ ಮುಚ್ಚಿದೆ.

ಚಿಂಚೋಳಿ ಕಡೆ ಗೆಳೆಯರೊಬ್ಬರ ಗಾಡಿಗೆ ಇದೇ ತೊಂದರೆ ಇತ್ತು. ಮೂರು ಭಾನುವಾರ ಹೋಗಿ ಮೂರು ಮೇನ್ ಜೆಟ್ ಬದಲಿಸಿದೆ. ಪ್ರತಿ ಸಲ ಮನೆ ಮುಂದೆ ಓಡಿಸಿ ನೋಡಿದಾಗ ಸರಿ ಇರುತ್ತಿತ್ತು, ನಾನು ಚಹಾ ಕುಡಿದು ಬರುತ್ತಿದ್ದೆ, ಸಂಜೆಗೆ ಅವರ ಫೋನ್. ನಾಲ್ಕನೇ ಸಲ ಹೊಲದ ತನಕ ಜೊತೆಗೇ ಹೋದೆ. ಗಾಡಿ ನಿಂತಿತು, ಪೆಟ್ರೋಲ್ ಇದೆಯಾ ನೋಡೋಣ ಅಂತ ಮುಚ್ಚಳ ತೆರೆದರು, ಸುಯ್ ಅಂತು. ಮುಚ್ಚಳದಿಂದ ಹ್ಯಾಂಡಲ್ ಕಡೆ ಹೋಗುವ ಸಣ್ಣ ಪೈಪಿನೊಳಗೆ ಕುಂಬಾರ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಪೈಪ್ ಕಿತ್ತು ಜೋರಾಗಿ ಊದಿದೆವು, ಅಷ್ಟೇ. ಆ ಮೂರು ಜೆಟ್ ಇನ್ನೂ ನನ್ನ ಡಬ್ಬಿಯಲ್ಲಿವೆ.