ಬೆಳಗಾವಿಯವರಿಗೆ ಕರಾವಳಿಯ ಐಷಾರಾಮಿ ರೈಲು ಯಾವುದು? ದುಡ್ಡಿಗೆ ತಕ್ಕದ್ದಾ?

ಗೋಲ್ಡನ್ ಚಾರಿಯಟ್ ನಮ್ಮ ಬಾದಾಮಿ, ಗೋವಾ ಎರಡೂ ತೋರಿಸುತ್ತೆ, ಆದರೆ ಅದು ಕಡಲ ಪಕ್ಕದ ಪ್ರಯಾಣ ಅಲ್ಲ. ಕೊಂಕಣದ ಕಡೆ ಹೋಗೋಕೆ ಮುಂಬೈಯಿಂದ ಹೊರಡೋ ಡೆಕ್ಕನ್ ಒಡಿಸ್ಸಿ ಇದೆ, 2004ರಲ್ಲಿ ಶುರುವಾಗಿದ್ದು. ಊಟ, ಹಾಸಿಗೆ, ಉಪಚಾರ ಎಲ್ಲ ರಾಜರ ಥರಾನೇ. ರೇಟೂ ಹಾಗೇ, ಲಕ್ಷಗಳಲ್ಲಿ! ಇಂಥ ರೈಲುಗಳು ಹಗಲು ಊರು ತೋರಿಸಿ, ಹೆಚ್ಚಾಗಿ ರಾತ್ರಿ ಓಡುತ್ತವೆ. ಕತ್ತಲಲ್ಲಿ ಏನು ನೋಡ್ತೀರಿ?

ಬರೀ ನೋಟ ಬೇಕು ಅಂದ್ರೆ ಬೆಳಗಾವಿಯಿಂದ ಲೋಂಡಾ, ಕ್ಯಾಸಲ್ ರಾಕ್ ಮೇಲೆ ಮಡಗಾಂವ್‌ಗೆ ಹೋಗಿ, ಮಳೆಗಾಲದಲ್ಲಾದ್ರೆ ದೂಧಸಾಗರ ಜಲಪಾತದ ಹನಿ ಕಿಟಕಿಗೇ ಸಿಡಿಯುತ್ತೆ. ಅಲ್ಲಿಂದ ಮುಂಬೈ ಜನಶತಾಬ್ದಿಯ ವಿಸ್ಟಾಡೋಮ್ ಬೋಗಿ ಹತ್ತಿ. ಗಾಜಿನ ಚಾವಣಿ, ತಿರುಗೋ ಸೀಟು, ರತ್ನಾಗಿರಿ ಹತ್ತಿರ ಸುಮಾರು 64 ಮೀಟರ್ ಎತ್ತರದ ಪಾನ್ವಲ್ ಸೇತುವೆ. ಸಮುದ್ರ ಮಾತ್ರ ಜಾಸ್ತಿ ಕಾಣಲ್ಲ, ಸುರಂಗಗಳೇ ಜಾಸ್ತಿ.