‘ಡಿಫೀಟ್’ ಲೇಖನ ಕಳಿಸಿದವರಿಗೆ

ನಮಸ್ಕಾರ,

ಸೋಲಿಗೆ ಸಂಬಂಧಿಸಿದ ಇಂಗ್ಲಿಷ್ ಪದಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಒಳ್ಳೆಯದು, ದಯವಿಟ್ಟು ಕೈಬಿಡಬೇಡಿ. ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಬರುವ ಮಕ್ಕಳಿಗೆ ಇಂಥ ಬರಹ ನಿಜವಾಗಿಯೂ ಬೇಕು. ಅದಕ್ಕೇ ಬರೀ ‘ಸ್ವೀಕರಿಸಲಾಗದು’ ಅನ್ನದೆ ಇಷ್ಟುದ್ದ ಬರೆಯುತ್ತಿದ್ದೇನೆ.

ಡಿಫೀಟ್, ಬೀಟ್, ಕಾಂಕರ್, ವ್ಯಾಂಕ್ವಿಶ್, ರೌಟ್, ಓವರ್‌ಕಮ್. ಇಂಥ ಪದಗಳ ಉದ್ದ ಪಟ್ಟಿಯಲ್ಲಿ ಎಲ್ಲದರ ಮುಂದೆಯೂ ನೀವು ‘ಸೋಲಿಸು’ ಎಂದೇ ಬರೆದಿದ್ದೀರಿ. ಉದಾಹರಣೆಯೂ ಎಲ್ಲಕ್ಕೂ ಒಂದೇ: ರಾಮನು ರಾವಣನನ್ನು ಸೋಲಿಸಿದನು. ಓದಿ ಮುಗಿಸಿದ ಹುಡುಗಿಗೆ ಯಾವ ಪದವನ್ನು ಎಲ್ಲಿ ಬಳಸಬೇಕು ಅನ್ನುವುದು ಗೊತ್ತಾಗುವುದೇ ಇಲ್ಲ. ಬರೀ ಅರ್ಥ ಬೇಕಿದ್ದರೆ ನಿಘಂಟು ಅವಳ ಫೋನಿನಲ್ಲೇ ಇದೆ, ಅಲ್ವಾ? ನಿಮ್ಮಿಂದ ಅವಳಿಗೆ ಬೇಕಾಗಿರುವುದು ಪದಗಳ ನಡುವಿನ ವ್ಯತ್ಯಾಸ. ಅದು ತಿಳಿಯುವುದು ಯಾರು ಏನು ಮಾಡಿದರು ಅಂತ ನೋಡಿದಾಗ.

ರಾಮಾಯಣದ ಬದಲು ಮೈಸೂರು ಯುದ್ಧಗಳನ್ನು ತೆಗೆದುಕೊಳ್ಳಿ. ನಮ್ಮ ಮಕ್ಕಳಿಗೆ ಗೊತ್ತಿರುವ ಕಥೆ, ಇಂಗ್ಲಿಷಿನಲ್ಲೂ ಬೇಕಾದಷ್ಟು ಬರೆದಿದ್ದಾರೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯ ಇಂಗ್ಲಿಷರ ಕರ್ನಲ್ ಬೇಲಿಯ ಪಡೆಯನ್ನು ಸುತ್ತುವರಿಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲಿರುವುದು ಇದೇ ಯುದ್ಧದ ಚಿತ್ರ. ಬೇಲಿಯ ಮದ್ದಿನ ಗಾಡಿಗಳು ಸಿಡಿದವು. ಅವನು ಶರಣಾದ, ಸೆರೆಯಾದ, 1782ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ. ಇದು ಸರೆಂಡರ್. ಅವನನ್ನು ಕೂಡಿಕೊಳ್ಳಬೇಕಿದ್ದ ಹೆಕ್ಟರ್ ಮನ್ರೋ ಕೆಲವೇ ಮೈಲಿ ದೂರದ ಕಾಂಚೀಪುರದಲ್ಲಿದ್ದ. ಸುದ್ದಿ ತಿಳಿದದ್ದೇ ತಡ, ಭಾರಿ ಫಿರಂಗಿಗಳನ್ನು ಅಲ್ಲಿನ ಕೊಳಕ್ಕೆ ತಳ್ಳಿಸಿ ಮದರಾಸಿನ ಕಡೆ ಹಿಂದಿರುಗಿದ. ಇದು ರಿಟ್ರೀಟ್. ಅವನು ಆಯುಧ ಒಪ್ಪಿಸಲಿಲ್ಲ, ಯಾರ ಕೈಗೂ ಸಿಗಲಿಲ್ಲ. ಒಂದೇ ಸೋಲು, ಇಬ್ಬರು ದಳಪತಿಗಳು, ಎರಡು ಬೇರೆ ಪದ. ಇಷ್ಟು ಹೇಳಿದರೆ ಸಾಕು, ಆ ಹುಡುಗಿ ಈ ಎರಡನ್ನು ಮತ್ತೆ ಕಲಸುವುದಿಲ್ಲ.

ಪೊಲ್ಲಿಲೂರು ಇಂಗ್ಲಿಷರಿಗೆ ಡಿಫೀಟ್ ಹೌದು. ಆದರೆ ಮದರಾಸು ಅವರ ಕೈಯಲ್ಲೇ ಉಳಿಯಿತು, ಹಾಗಾಗಿ ಅಲ್ಲಿ ಕಾಂಕರ್ ಅನ್ನುವ ಮಾತು ಬರುವುದಿಲ್ಲ. ಯುದ್ಧದಲ್ಲಿ ಕಾಂಕರ್ ಅಂದರೆ ಸೋಲಿಸಿ, ನೆಲವನ್ನೂ ಹಿಡಿದುಕೊಳ್ಳುವುದು. 1792ರಲ್ಲಿ ಟಿಪ್ಪು ಇಂಗ್ಲಿಷರ ಕಡೆಯವರೊಂದಿಗೆ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿದ, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ. ಹೀಗೆ ಕರಾರಿನ ಮೇಲೆ ನೆಲ ಬಿಟ್ಟುಕೊಡುವುದಕ್ಕೆ ‘ಸೀಡ್’ (cede) ಅನ್ನುವ ಪದವಿದೆ. ನಿಮ್ಮ ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ, ಸೇರಿಸಿ. ಇನ್ನು 1799ರ ಮೇ 4. ಶ್ರೀರಂಗಪಟ್ಟಣದ ಕೋಟೆ ಬಿತ್ತು, ಟಿಪ್ಪು ಹೋರಾಡುತ್ತಲೇ ಸತ್ತ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಫಾಲ್’ ಅನ್ನಬಹುದು. ಆದರೆ ‘ಸರೆಂಡರ್’ ಎಂದು ಬರೆದರೆ ತಪ್ಪಾಗುತ್ತದೆ. ನೋಡಿ, ಒಬ್ಬ ಮನುಷ್ಯ ಹೇಗೆ ಸತ್ತ ಅನ್ನುವುದನ್ನೇ ಒಂದು ಪದ ತಿರುಚಿಬಿಡಬಹುದು. ಪದ ಆರಿಸುವುದು ಸಣ್ಣ ಕೆಲಸವಲ್ಲ ಎಂದು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ನೀವು ಮುಟ್ಟದೇ ಬಿಟ್ಟ ಇನ್ನೊಂದು ಜಾಗ ಇದೆ. ನನ್ನ ಪ್ರಕಾರ ಲೇಖನದ ಜೀವ ಅಲ್ಲೇ ಇರಬೇಕಿತ್ತು. ಕನ್ನಡದಲ್ಲಿ ‘ಸೋತೆ’ ಬೇರೆ, ‘ಸೋಲಿಸಿದೆ’ ಬೇರೆ. ಇಂಗ್ಲಿಷಿನ ಡಿಫೀಟ್ ಕ್ರಿಯಾಪದವಾದಾಗ ಅದರ ಅರ್ಥ ‘ಸೋಲಿಸು’, ‘ಸೋಲು’ ಅಲ್ಲ. ಆದರೆ ನಮ್ಮ ಮಕ್ಕಳು ಪಂದ್ಯ ಸೋತು ಬಂದು ‘ವಿ ಡಿಫೀಟೆಡ್’ ಅನ್ನುತ್ತಾರೆ. ಅದು ‘ವಿ ಲಾಸ್ಟ್’ ಆಗಬೇಕು, ಇಲ್ಲವೇ ‘ವಿ ವರ್ ಡಿಫೀಟೆಡ್’. ಪತ್ರಿಕೆಯ ತಲೆಬರಹಗಳು ‘ವರ್’ ಅನ್ನು ನುಂಗಿಬಿಡುವುದರಿಂದ ಗೊಂದಲ ಇನ್ನೂ ಜಾಸ್ತಿ. ಇದರ ಎದುರು ಬದಿಯ ತಪ್ಪು ‘ಐ ವನ್ ಹಿಮ್’. ಕನ್ನಡದಲ್ಲಿ ‘ಅವನನ್ನು ಗೆದ್ದೆ’ ಅನ್ನುವುದು ಸರಿಯಾದ ಮಾತೇ, ತಪ್ಪು ಬರುವುದು ಅಲ್ಲಿಂದ. ಇಂಗ್ಲಿಷಿನಲ್ಲಿ ಪಂದ್ಯವನ್ನು ವಿನ್ ಮಾಡುತ್ತಾರೆ, ಎದುರಾಳಿಯನ್ನು ಬೀಟ್ ಮಾಡುತ್ತಾರೆ. ಈ ಜೋಡಿಗೆ ಒಂದು ಪುಟವನ್ನಾದರೂ ಕೊಡಿ. ಕನ್ನಡ ಬಲ್ಲವರು ಬರೆದರೆ ಮಾತ್ರ ಸಿಗುವ ವಿಷಯ ಇದು.

ಡಿಫೀಟ್‌ನಲ್ಲಿ ‘ಫೀಟ್’ ಇದೆ, ಹಾಗಾಗಿ ಕಾಲು ಕಳೆದುಕೊಳ್ಳುವುದೇ ಸೋಲು ಎಂದು ಬರೆದಿದ್ದೀರಿ. ತೆಗೆದುಹಾಕಿ. ಕಾಲಿಗೂ ಅದಕ್ಕೂ ಸಂಬಂಧವಿಲ್ಲ. ಹಳೆಯ ಫ್ರೆಂಚಿನಲ್ಲಿ ಅದರ ಮೂಲ ಅರ್ಥ ಮಾಡಿದ್ದನ್ನು ಕೆಡಿಸುವುದು, ಇಲ್ಲವಾಗಿಸುವುದು. ‘ಡಿಫೀಟ್ ದ ಪರ್ಪಸ್’ ಅನ್ನುವ ಮಾತಿನಲ್ಲಿ ಆ ಹಳೆಯ ಅರ್ಥ ಇವತ್ತಿಗೂ ಉಳಿದಿದೆ. ಕೇಳಲು ಚೆನ್ನಾಗಿದೆ ಅಂತ ಪದದ ಹುಟ್ಟಿನ ಕಥೆ ಕಟ್ಟಬೇಡಿ. ಓದುವ ಮಕ್ಕಳು ನಂಬುತ್ತಾರೆ.

ಕ್ರಿಕೆಟ್ಟಿನ ‘ಬೀಟನ್’ ಬಗ್ಗೆ ಎರಡು ಸಾಲು ಇರಲಿ. ಚೆಂಡು ಬ್ಯಾಟಿಗೆ ತಾಗದೆ ಹೋಯಿತು, ಆಟಗಾರ ಔಟಾಗಲಿಲ್ಲ, ಆದರೂ ಬೀಟನ್. ಓವರ್‌ಕಮ್‌ಗೆ ಹೆದರಿಕೆಯ ಉದಾಹರಣೆ ಸಾಕು. ಸೋಲೇ ಗೆಲುವಿನ ಮೆಟ್ಟಿಲು ಎನ್ನುವ ಮೊದಲ ಪುಟ ಬೇಡ. ಅದಕ್ಕೂ ಈ ವಿಷಯಕ್ಕೂ ಸಂಬಂಧವಿಲ್ಲ.

ಪದಗಳನ್ನು ಹತ್ತಕ್ಕೆ ಇಳಿಸಿ, ‘ಸೋತೆ’ ಮತ್ತು ‘ಸೋಲಿಸಿದೆ’ ಭಾಗದಿಂದ ಶುರು ಮಾಡಿ. ಪ್ರತಿ ಪದಕ್ಕೂ ಅದರದ್ದೇ ಒಂದು ಘಟನೆ ಇರಲಿ. ಹಾಗೆ ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ