ಅನೊರೆಕ್ಸಿಯಾದಿಂದ ಚೇತರಿಸಿಕೊಳ್ಳುವ ಗಂಡಸರಿಗೆ ಟೆಸ್ಟೋಸ್ಟೆರಾನ್ ಚಿಕಿತ್ಸೆ ಬೇಕೇ?

ಅನೊರೆಕ್ಸಿಯಾದಿಂದ (ತೂಕ ಹೆಚ್ಚುವ ಭಯದಿಂದ ಊಟವನ್ನೇ ತೀರಾ ಕಡಿಮೆ ಮಾಡುವ ಮನೋರೋಗ) ಹೊರಬರುತ್ತಿದ್ದೀರಿ, ಗಂಡಸರ ಮುಖ್ಯ ಲೈಂಗಿಕ ಹಾರ್ಮೋನಾದ ಟೆಸ್ಟೋಸ್ಟೆರಾನ್ ಕಡಿಮೆ ಎಂದು ವರದಿ ಬಂದಿದೆ, ಚುಚ್ಚುಮದ್ದು ಶುರು ಮಾಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಅವಸರ ಮಾಡಬೇಡಿ. ಇಲ್ಲಿ ಮೊದಲ ಔಷಧ ಊಟವೇ.

ದೇಹಕ್ಕೆ ಸಾಕಷ್ಟು ಶಕ್ತಿ ಸಿಗದಿದ್ದಾಗ ಮಿದುಳಿನ ಹೈಪೋಥಲಾಮಸ್ ಸಂತಾನೋತ್ಪತ್ತಿಯ ಕೆಲಸವನ್ನು ತಗ್ಗಿಸಿಬಿಡುತ್ತದೆ. ಆಗ ಪಿಟ್ಯುಟರಿ ಗ್ರಂಥಿಯಿಂದ ಬರುವ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನುಗಳೂ ಇಳಿಯುತ್ತವೆ. ವೃಷಣಗಳಲ್ಲಿ ದೋಷವಿರುವುದಿಲ್ಲ, ಅವುಗಳಿಗೆ ಅಪ್ಪಣೆಯೇ ಬರುತ್ತಿರುವುದಿಲ್ಲ. ಕಾಮಾಸಕ್ತಿ ಕುಗ್ಗುವುದು, ಬೆಳಗಿನ ನಿಮಿರುವಿಕೆ ನಿಲ್ಲುವುದು, ಸುಸ್ತು, ಮಂಕು ಇವೆಲ್ಲ ಇದರ ಲಕ್ಷಣಗಳು, ನಾಚಿಕೆಪಡುವಂಥದ್ದೇನೂ ಇಲ್ಲ. ತೂಕ ಮರಳಿ, ಅತಿಯಾದ ವ್ಯಾಯಾಮ ನಿಂತ ಮೇಲೆ ಹೆಚ್ಚಿನವರಲ್ಲಿ ಮಟ್ಟ ತಾನಾಗಿ ಏರುತ್ತದೆ. ಅದಕ್ಕೆ ತಿಂಗಳುಗಳೇ ಹಿಡಿಯಬಹುದು.

ಹೊರಗಿನಿಂದ ಟೆಸ್ಟೋಸ್ಟೆರಾನ್ ಕೊಟ್ಟರೆ ಎಲ್‌ಎಚ್, ಎಫ್‌ಎಸ್‌ಎಚ್ ಇನ್ನಷ್ಟು ಕುಸಿಯುತ್ತವೆ, ವೀರ್ಯಾಣುಗಳ ಸಂಖ್ಯೆ ಸೊನ್ನೆಗೂ ಇಳಿಯಬಹುದು. ಮಕ್ಕಳು ಬೇಕೆನ್ನುವವರು ಇದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ರಕ್ತ ದಪ್ಪವಾಗುವ ಅಪಾಯವೂ ಇದೆ. ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) 54% ದಾಟಿದರೆ ಚಿಕಿತ್ಸೆ ನಿಲ್ಲಿಸಬೇಕಾಗುತ್ತದೆ. ನನಗೆ ಹೆಚ್ಚು ಕಳವಳ ತರುವುದು ಬೇರೆಯೇ: ಔಷಧದಿಂದ ಅಂಕಿ ಸರಿಯಾದರೆ, ದೇಹ ಇನ್ನೂ ಹಸಿದಿದೆ ಎಂಬ ಸುಳಿವೇ ಮರೆಯಾಗುತ್ತದೆ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಎರಡು ಬೇರೆ ದಿನ ಪರೀಕ್ಷೆಯಾಗಿದೆಯೇ ನೋಡಿ. ಜೊತೆಗೆ ಎಲ್‌ಎಚ್, ಪ್ರೊಲ್ಯಾಕ್ಟಿನ್ (ಪಿಟ್ಯುಟರಿಯದೇ ಇನ್ನೊಂದು ಹಾರ್ಮೋನು), ಟೆಸ್ಟೋಸ್ಟೆರಾನನ್ನು ರಕ್ತದಲ್ಲಿ ಹೊತ್ತೊಯ್ಯುವ ಪ್ರೋಟೀನಾದ ಎಸ್‌ಎಚ್‌ಬಿಜಿ ಮತ್ತು ಮೂಳೆಯ ಸಾಂದ್ರತೆಗೆ ಡೆಕ್ಸಾ ಸ್ಕ್ಯಾನ್ ಬೇಕಾಗಬಹುದು. ತೂಕ ಸ್ಥಿರವಾಗಿ ಬಹುಕಾಲವಾದರೂ ಮಟ್ಟ ಏರದಿದ್ದರೆ, ಅಥವಾ ಬೇರೆ ಕಾರಣ ಪತ್ತೆಯಾದರೆ, ಹಾರ್ಮೋನ್ ತಜ್ಞರೂ ನಿಮ್ಮ ಮನೋವೈದ್ಯರೂ ಒಟ್ಟಿಗೆ ಕುಳಿತು ಚಿಕಿತ್ಸೆಯನ್ನು ನಿರ್ಧರಿಸಲಿ.